ಕೊಂಬು ಬನ್ನಿನ ಬೆಣ್ಣೆ

ತಿನ್ನುವವರ ಬಾಯಿ ನೋಡುತ್ತಾ ಕೂರಬಾರದು ಎಂದು ಭಾರತಮ್ಮನಿಗೆ ಅವಳ ತಾಯಿ ಚಿಕ್ಕಂದಿನಲ್ಲೇ ಬುದ್ಧಿ ಹೇಳಿದ್ದಳು. ಹೇಳಿ ಏನು ಬಂತು? ಕೋಲಾರದ ಹಬೀಬುಲ್ಲಾ ಸಾಬರ ಬೇಕರಿಯ ಮುಂದಿನ ಬೆಂಚಿನ ಮೇಲೆ ಕೂತರೆ ಸಾಕು, ಅವಳ ಕಣ್ಣು ಅವಳ ಮಾತೇ ಕೇಳುತ್ತಿರಲಿಲ್ಲ. ಯಾರು ಹೇಗೆ ಮುರಿದರು, ಯಾರು ಎಲ್ಲಿಂದ ಕಚ್ಚಿದರು, ಯಾರ ಮೀಸೆಗೆ ಎಷ್ಟು ಪುಡಿ ಹತ್ತಿತು, ಎಲ್ಲವನ್ನೂ ನೋಡಿ ಮುಗಿಸಿ ಆಮೇಲೆ ತಾಯಿಯ ಮಾತು ನೆನಪಾಗಿ ತಲೆ ತಗ್ಗಿಸುತ್ತಿದ್ದಳು.

ವಕ್ಕಲೇರಿಯ ರೈತರ ಮನೆಯ ಹೆಂಗಸು ಅವಳು. ದಿನ ಬಿಟ್ಟು ದಿನ ಬೆಳಗಿನ ಮೊದಲ ಬಸ್ಸು ಹತ್ತಿ, ನೀರಿನಲ್ಲಿ ಮುಳುಗಿಸಿಟ್ಟ ಬೆಣ್ಣೆಯ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರುವಳು. ಒಳಗೆ ಸಾಬರ ಹೆಂಡತಿ ಸಯೀದಾ ಬೆಣ್ಣೆಯನ್ನು ತೆಗೆದುಕೊಂಡು ಗಡಿಗೆ ತೊಳೆದು ಕೊಡುವಷ್ಟು ಹೊತ್ತು ಇವಳಿಗೆ ಬೆಂಚು, ಒಂದು ಲೋಟ ಟೀ. ನೋಡುವುದಕ್ಕೆ ಅಷ್ಟು ಹೊತ್ತು ಧಾರಾಳವಾಯಿತು.

ಇನ್ನು ಆ ತಿಂಡಿ ಯಾವುದು ಅಂದರೆ, ಕೋಲಾರದವರು ಅದನ್ನು ಕೊಂಬು ಬನ್ನು ಎನ್ನುತ್ತಿದ್ದರು. ಹಬೀಬುಲ್ಲಾ ಸಾಬರು ಹುಡುಗರಾಗಿದ್ದಾಗ ಬೆಂಗಳೂರು ದಂಡಿನ ದೊಡ್ಡ ಹೋಟೆಲೊಂದರ ಅಡುಗೆಮನೆಯಲ್ಲಿ ಕಲಿತದ್ದು. ಅಲ್ಲಿ ಅದರ ಹೆಸರು ಕ್ರಸಾಂಟ್ ಅಂತೆ. ಊರಿಗೆ ಬಂದು ಅದೇ ಹೆಸರು ಹೇಳಿ ಮಾರಲು ನೋಡಿದರು. ಬಾಗಿದ ಎರಡು ತುದಿ ಕಂಡ ಜನ ಕೊಂಬು ಅಂದರು, ಅಲ್ಲಿಗೆ ಹೆಸರಿಡುವ ಕೆಲಸ ಮುಗಿಯಿತು. ಮೈದಾ ಹಿಟ್ಟನ್ನು ಕಡಪಾ ಕಲ್ಲಿನ ಮೇಲೆ ಲಟ್ಟಿಸಿ, ಅದರ ಮೇಲೆ ಬೆಣ್ಣೆಯ ಹಾಳೆ ಹರಡಿ, ಮಡಿಸಿ, ಮತ್ತೆ ಲಟ್ಟಿಸಿ, ಮತ್ತೆ ಮಡಿಸಿ, ಆ ಮನುಷ್ಯ ಕೈಯಾಡಿಸುವುದನ್ನು ನೋಡಬೇಕು! ಬೆಣ್ಣೆ ಕರಗಲೂಬಾರದು, ಒಡೆಯಲೂಬಾರದು. ಐಸ್ ಪೆಟ್ಟಿಗೆ ಗಿಟ್ಟಿಗೆ ಏನೂ ಇಲ್ಲ. ಒದ್ದೆ ಮರಳಿನಲ್ಲಿ ಹೂತ ಮಡಕೆಯೇ ಅವರ ಐಸ್ ಪೆಟ್ಟಿಗೆ. ಹಾಗಾಗಿ ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಶುರುವಾದರೆ ಶಿವರಾತ್ರಿಗೆ ಕೊಂಬು ಬನ್ನು ಬಂದ್. ಆಮೇಲೆ ಯಾರು ಗೋಗರೆದರೂ ಸಾಬರು ಮಾಡುತ್ತಿರಲಿಲ್ಲ. ಬೆಣ್ಣೆಗೆ ಬೆವರು ಬಂದರೆ ಬನ್ನಿನ ಮರ್ಯಾದೆ ಹೋಗುತ್ತದೆ ಎನ್ನುತ್ತಿದ್ದರು.

ದಿನಾ ಭಟ್ಟಿಯಿಂದ ಬಂದ ಮೊದಲ ಬನ್ನನ್ನು ಅವರೇ ಎತ್ತಿಕೊಂಡು, ಕಿವಿಯ ಹತ್ತಿರ ಹಿಡಿದು ಒಂದು ಕೊಂಬು ಮುರಿಯುವರು. ಚುರ್ ಅಂದರೆ ಮುಖ ಅರಳಿತು. ಆ ಕೊಂಬನ್ನು ತಾವು ತಿಂದು ಮಿಕ್ಕದ್ದನ್ನು ಸಯೀದಾಗೆ ಕೊಟ್ಟು, ಅಂಗಡಿಯ ಬಾಗಿಲ ಹಲಗೆ ತೆಗೆಯುವರು. ಬನ್ನನ್ನು ಹೀಗೇ ತಿನ್ನಬೇಕು, ಬಿಸಿಬಿಸಿಯಾಗಿ, ಏನೂ ನೆಂಚಿಕೊಳ್ಳದೆ ಎಂದು ಶುರುವಿನಲ್ಲಿ ಗಿರಾಕಿಗಳಿಗೆ ಪಾಠ ಮಾಡಿದ್ದೂ ಉಂಟು. ಕೋಲಾರ ಜಿಲ್ಲೆಯ ಜನಕ್ಕೆ ತಿನ್ನುವುದನ್ನು ಹೇಳಿಕೊಡುವ ಗಂಡು ಎಲ್ಲಿದ್ದಾನೆ?

ನಂಗಲಿಯ ಲಾರಿ ಡ್ರೈವರ್ ಚನ್ನರಾಯಪ್ಪನನ್ನೇ ತೆಗೆದುಕೊಳ್ಳಿ. ಮನೆಯಿಂದ ಹುಚ್ಚೆಳ್ಳು ಚಟ್ನಿಪುಡಿಯ ಪೊಟ್ಟಣ ಜೇಬಿನಲ್ಲಿಟ್ಟುಕೊಂಡೇ ಬರುತ್ತಿದ್ದ. ಬಿಸಿ ಬನ್ನಿನ ಹೊಟ್ಟೆ ಸೀಳಿ, ಪುಡಿ ತುಂಬಿ, ಅಂಗೈಯಲ್ಲಿ ಒಂದು ಸಲ ಒತ್ತಿದನೆಂದರೆ ಬೆಣ್ಣೆಯೂ ಪುಡಿಯೂ ಸೇರಿ ಕಪ್ಪಗೆ ಮಿಂಚುತ್ತಿತ್ತು. “ಕಾರಂ ಲೇಕಪೋತೆ ಎಟ್ಲಪ್ಪಾ? ಖಾರ ಇಲ್ದಿದ್ರೆ ಅದೂ ಒಂದು ತಿಂಡಿನಾ?” ಎಂದು ಸಾಬರನ್ನೇ ಕೇಳುವನು. ಸಾಬರು ಹಣೆ ಚಚ್ಚಿಕೊಳ್ಳುವರು. ಒಂದು ದಿನ ಅವನು ಬಲವಂತವಾಗಿ ಒಂದು ತುಂಡು ಅವರ ಬಾಯಿಗಿಟ್ಟ. ಸಾಬರು ಅಗಿದರು, ನುಂಗಿದರು, ಮತ್ತೆ ಯಾರಿಗೂ ಪಾಠ ಮಾಡಲಿಲ್ಲ.

ನಿವೃತ್ತ ಹೆಡ್‌ಮೇಷ್ಟ್ರು ವೆಂಕಟರಾಯಪ್ಪನವರದು ಇನ್ನೊಂದು ರೀತಿ. ಅವರು ಬನ್ನನ್ನು ಕಚ್ಚುತ್ತಲೇ ಇರಲಿಲ್ಲ. ಪೇಪರ್ ಬಿಡಿಸಿಕೊಂಡು ಕೂತು, ಉಗುರಿನ ತುದಿಯಿಂದ ಬನ್ನಿನ ಒಂದೊಂದೇ ಪದರ ಎಬ್ಬಿಸಿ, ಸುತ್ತಿದ ಚಾಪೆ ಬಿಚ್ಚುವ ಹಾಗೆ ಹರಿಯದಂತೆ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ ಬಾಯಿಗೆ ಹಾಕಿಕೊಳ್ಳುವರು. ಪೇಪರಿನ ಕೊನೆಯ ಪುಟಕ್ಕೂ ಬನ್ನಿನ ನಡುವಿನ ಮೆತ್ತನೆಯ ತಿರುಳಿಗೂ ಒಟ್ಟಿಗೆ ಬರುವುದು ಅವರ ಲೆಕ್ಕಾಚಾರ. ಅಂಥ ತಾಳ್ಮೆಯನ್ನು ಅವರು ಮಕ್ಕಳಿಗೆ ಪಾಠ ಮಾಡುವಾಗ ತೋರಿಸಿದ್ದರೋ ಇಲ್ಲವೋ, ಆ ಮಕ್ಕಳನ್ನೇ ಕೇಳಬೇಕು.

ಮಾಲೂರಿನ ಹೆಂಚಿನ ಕಾರ್ಖಾನೆಯವರು ಕೋಲಾರಕ್ಕೆ ಬಂದರೆ, ಅವರೆಕಾಯಿ ಕಾಲದಲ್ಲಿ, ಎದುರು ಹೋಟೆಲಿನಿಂದ ಹಿದುಕಿದಬೇಳೆ ಸಾರು ತರಿಸಿಕೊಂಡು ಬನ್ನನ್ನು ಅದರಲ್ಲಿ ಅದ್ದಿ ತಿನ್ನುತ್ತಿದ್ದರು. ಶ್ರೀನಿವಾಸಪುರದ ಮಾವಿನ ಮಂಡಿಯವನೊಬ್ಬ ಬರೀ ಉಪ್ಪಿನಕಾಯಿಯ ರಸ ಸವರಿಕೊಂಡು ಕಣ್ಣು ಮುಚ್ಚುತ್ತಿದ್ದ. ಆದರೆ ಇವರೆಲ್ಲರನ್ನೂ ಒಂದು ತಕ್ಕಡಿಗೆ ಹಾಕಿ ದೊಡ್ಡಮುನಿಯಮ್ಮನನ್ನು ಇನ್ನೊಂದಕ್ಕೆ ಹಾಕಿದರೂ ಭಾರತಮ್ಮನ ಮನಸ್ಸು ಮುದುಕಿಯ ಕಡೆಗೇ ವಾಲುತ್ತಿತ್ತು.

ದೊಡ್ಡಮುನಿಯಮ್ಮ ಬಸ್ ಸ್ಟ್ಯಾಂಡಿನಲ್ಲಿ ಕನಕಾಂಬರ ಮಾರುವ ಮುದುಕಿ. ಹಲ್ಲು ಒಂದೂ ಇಲ್ಲ, ಕಣ್ಣು ಅರ್ಧ ಮಂಜು, ಬಾಯಿ ಮಾತ್ರ ಗಟ್ಟಿ. ಟೀ ಬಂದ ಕೂಡಲೇ ಬನ್ನನ್ನು ಲೋಟದ ಬಾಯಿಗೆ ಅಡ್ಡ ಇಟ್ಟು ಮುಚ್ಚಿಬಿಡುವಳು. ಕೆಳಗಿನಿಂದ ಹಬೆ ಏರಿ ಬನ್ನು ಮೆತ್ತಗಾಗಬೇಕು. ಬನ್ನಿನ ಬೆಣ್ಣೆಯ ವಾಸನೆ ಕೆಳಗಿಳಿದು ಟೀಗೆ ಹತ್ತಬೇಕು. ಅಷ್ಟು ಹೊತ್ತು ಯಾರು ಮಾತಾಡಿಸಿದರೂ ಉತ್ತರವಿಲ್ಲ. ಆಮೇಲೆ ಬನ್ನನ್ನು ಎತ್ತಿ, ಮೊದಲು ಲೋಟದೊಳಗೆ ಮೂಗಿಟ್ಟು ಒಂದು ಉದ್ದನೆಯ ಉಸಿರೆಳೆದು, ವಸಡಿನಿಂದಲೇ ಒತ್ತಿ ಒತ್ತಿ ತಿನ್ನುವಳು. ಅದನ್ನು ನೋಡುತ್ತಾ ಭಾರತಮ್ಮನಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು. ಹಾಗಂತ ಇಬ್ಬರಿಗೂ ಸ್ನೇಹವೇನಿಲ್ಲ. ಪಕ್ಕದಲ್ಲೇ ಕೂರುವ ಇವಳಿಗೆ ಮುದುಕಿ ಇಷ್ಟು ವರ್ಷದಲ್ಲಿ ಹೇಳಿದ್ದು ಒಂದೇ ಮಾತು: “ವಸಿ ಅತ್ಲಾಗೆ ಸರಕೋ, ನನ್ ಹೂವಿನ ಬುಟ್ಟಿ ಐತೆ.”

ಭಾರತಮ್ಮ ಮಾತ್ರ ಕೊಂಬು ಬನ್ನನ್ನು ಒಂದು ದಿನವೂ ತಿಂದವಳಲ್ಲ. ಸಾಬರು ಎಷ್ಟು ಸಲ ಮುಂದಿಟ್ಟರೂ, “ಬೇಡಿ ಸಾಬ್ರೇ, ಹೊತ್ತು ಮೂಡೋಕ್ ಮುಂಚಿಂದ ಬೆಣ್ಣೇಲೇ ಕೈ ಆಡ್ಸಿರ್ತೀನಿ, ನಂಗೆ ಟೀನೇ ಸಾಕು” ಎನ್ನುವಳು. ಅದು ಬಾಯಿಮಾತು. ಒಳಗಿನ ಹೆದರಿಕೆ ಬೇರೆ. ಇಷ್ಟು ಜನದ ಮುಖ ಅರಳಿಸುವ ಪದಾರ್ಥ ತನ್ನ ನಾಲಿಗೆಗೆ ಸಾಧಾರಣ ಅನ್ನಿಸಿಬಿಟ್ಟರೆ? ಆಮೇಲೆ ಆ ಕತ್ತಲಲ್ಲಿ ಎದ್ದು, ಆ ಚಳಿಯಲ್ಲಿ ಬಾವಿ ನೀರು ಸೇದಿ, ಬೆರಳು ಮರಗಟ್ಟುವವರೆಗೆ ಬೆಣ್ಣೆ ತೊಳೆಯುವುದು ಯಾವ ಸುಖಕ್ಕೆ? ನೋಡಿಕೊಂಡಿರುವುದೇ ವಾಸಿ ಎಂದುಕೊಂಡಿದ್ದಳು.

ಹೀಗಿರುವಾಗ ಎಂಬತ್ತರ ಸುಮಾರಿನಲ್ಲಿ ವಕ್ಕಲೇರಿ ಕಡೆಗೂ ಹಾಲಿನ ಡೈರಿ ಬಂತು. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಕ್ಯಾನಿಗೆ ಹಾಲು ಸುರಿದರೆ ಆಯಿತು. ಹೆಪ್ಪು ಹಾಕುವಂತಿಲ್ಲ, ಕಡೆಯುವಂತಿಲ್ಲ. ಊರಲ್ಲಿ ಒಂದೊಂದೇ ಮನೆಯ ಕಡಗೋಲು ಮೂಲೆ ಸೇರಿತು. ಭಾರತಮ್ಮನ ಗಂಡ ಕೋದಂಡರಾಮಪ್ಪನಿಗೂ ಡೈರಿಯ ಹುರುಪು ಹತ್ತಿತು. ಮನೆಯಲ್ಲಿದ್ದದ್ದು ಒಂದು ಸೀಮೆ ಹಸು, ಒಂದು ನಾಟಿ ಹಸು ಕೆಂಪಿ. ಬೆಣ್ಣೆಯೆಲ್ಲ ಕೆಂಪಿಯ ಹಾಲಿನದು.

“ಕೆಂಪಿ ಹಾಲೂ ಡೈರಿಗೇ ಹಾಕೋಣ ಕಣೇ” ಎಂದ ಒಂದು ದಿನ. “ನಿನ್ ರಟ್ಟೆ ನೋವು ನಾನು ಕಾಣ್ದೇ ಇದೀನಾ? ರಾತ್ರಿಯೆಲ್ಲಾ ನರಳ್ತೀಯ. ಸಾಕು ಬಿಡು ಆ ಕಡಿಯೋ ಕರ್ಮ.”

ಅವನು ಕೆಟ್ಟವನಲ್ಲ. ಹೆಂಡತಿಯ ಮೇಲಿನ ಅಕ್ಕರೆಯಿಂದಲೇ ಹೇಳಿದ್ದು. ಭಾರತಮ್ಮನಿಗೂ ಅರ್ಧ ಮನಸ್ಸು ಹೌದು ಎಂದಿತು. ಸಾಬರಿಗೆ ಏನು ಹೇಳುವುದು ಎಂದು ಕೇಳಿದಳು ಅಷ್ಟೇ.

“ಸಾಬ್ರಿಗೇನು? ವನಸ್ಪತಿ ಹಾಕ್ಕೋತಾರೆ. ತಿನ್ನೋರಿಗೆ ಗೊತ್ತೂ ಆಗಲ್ಲ.”

ಅಲ್ಲಿಗೆ ಕೆಟ್ಟಿತು. ರಟ್ಟೆ ನೋವಿನ ಮಾತಾಗಿದ್ದರೆ ಒಪ್ಪಿಕೊಂಡುಬಿಡುತ್ತಿದ್ದಳು. ಗೊತ್ತೂ ಆಗಲ್ಲವಂತೆ! ಇಷ್ಟು ವರ್ಷದ ಕತ್ತಲು, ಇಷ್ಟು ವರ್ಷದ ಬಾವಿ ನೀರು, ಯಾರಿಗೂ ಗೊತ್ತೇ ಆಗದ ಕೆಲಸವಾಗಿತ್ತೆ? ಅವಳ ಮೈ ಉರಿದು ಹೋಯಿತು.

“ಗೊತ್ತಾಗತ್ತೆ” ಎಂದಳು.

“ಆಗಲ್ಲ ಕಣೇ. ಹೊಟ್ಟೆ ಹಸಿದೋನು ಬೆಣ್ಣೆ ಯಾವ್ದು ವನಸ್ಪತಿ ಯಾವ್ದು ಅಂತ ನೋಡ್ತಾನಾ?”

“ಹಂಗಾದ್ರೆ ನೋಡೇ ಬಿಡಾನ. ಒಂದೇ ಒಂದಿನ ಸಾಬ್ರು ವನಸ್ಪತಿ ಹಾಕ್ಲಿ. ಯಾರ್ಗೂ ಬಾಯ್ ಬಿಡ್ಬಾರ್ದು. ಬೆಣ್ಣೆ ಇಲ್ಲ ಅಂತ ಒಬ್ರಾದ್ರೂ ಕಂಡ್ಹಿಡಿದ್ರೆ ಕೆಂಪಿ ಹಾಲು ನಂದು, ನೀವು ಅದ್ರ ಸುದ್ದಿಗೆ ಬರಂಗಿಲ್ಲ. ಒಬ್ರೂ ಕಂಡ್ಹಿಡೀದೇ ಇದ್ರೆ ಕಡಗೋಲು ನಾನೇ ಅಟ್ಟಕ್ಕೆ ಎಸೀತೀನಿ.”

ಕೋದಂಡರಾಮಪ್ಪ ನಕ್ಕು ಒಪ್ಪಿಕೊಂಡ. ಕಷ್ಟವಾದದ್ದು ಹಬೀಬುಲ್ಲಾ ಸಾಬರನ್ನು ಒಪ್ಪಿಸುವುದು. ವಿಷಯ ಕೇಳಿ ಅವರು ಗಡ್ಡ ನೀವಿಕೊಂಡರು.

“ಹಾಲು ನಿಮ್ದು, ಮರ್ಜಿ ನಿಮ್ದು ಅಮ್ಮಾ. ಡೈರಿಗೆ ಹಾಕ್ತೀನಿ ಅಂದ್ರೆ ನಾನು ಬೇಡ ಅಂತ ಹೆಂಗೆ ಹೇಳ್ಲಿ? ಆದ್ರೆ ಗಿರಾಕಿಗೆ ಹೇಳ್ದೆ ಬೇರೆದು ಹಾಕೋದು ಧೋಕಾ ಆಗಲ್ವಾ?”

“ಒಂದೇ ದಿನ ಸಾಬ್ರೇ. ನಂಗೋಸ್ಕರ.”

ಒಳಗಿನಿಂದ ಸಯೀದಾ ಏನೋ ಹೇಳಿದಳು. ಸಾಬರು ನಿಟ್ಟುಸಿರು ಬಿಟ್ಟು, ಆಯಿತು, ನಾಡಿದ್ದಿನ ಬನ್ನು ವನಸ್ಪತಿಯದು ಎಂದರು.

ಆ ದಿನ ಗಂಡ ಹೆಂಡತಿ ಇಬ್ಬರೂ ಮೊದಲ ಬಸ್ಸಿಗೇ ಬಂದರು. ಪಂದ್ಯ ತೀರ್ಮಾನವಾಗುವವರೆಗೆ ಕೆಲಸ ನಿಲ್ಲಿಸುವುದು ಹೇಗೆ ಎಂದು ಭಾರತಮ್ಮ ಎಂದಿನಂತೆ ಕಡೆದು, ಎಂದಿನಂತೆ ಬೆಣ್ಣೆಯ ಗಡಿಗೆಯನ್ನೂ ತಂದಿದ್ದಳು. ಕೋದಂಡರಾಮಪ್ಪ ಒಗೆದ ಅಂಗಿ ಹಾಕಿ, ಮದುವೆಗೆ ಬಂದವನ ಹಾಗೆ ಬೆಂಚಿನ ತುದಿಯಲ್ಲಿ ಕೂತ.

ಭಟ್ಟಿಯ ಬಾಗಿಲು ತೆರೆಯಿತು. ತಟ್ಟೆ ಹೊರಗೆ ಬಂದದ್ದನ್ನು ಬಾಗಿಲ ಹಲಗೆಗಳ ಸಂದಿನಿಂದ ನೋಡಿ ಭಾರತಮ್ಮ ಕಂಗಾಲಾದಳು. ಬನ್ನುಗಳು ಎಂದಿಗಿಂತ ಎತ್ತರವಾಗಿ ಉಬ್ಬಿದ್ದವು! ಒಂದೊಂದೂ ಹೊಂಬಣ್ಣ, ಒಂದೊಂದರ ಕೊಂಬೂ ತಿದ್ದಿ ತೀಡಿದ ಹಾಗೆ. ತನ್ನ ಬೆಣ್ಣೆಯ ಬನ್ನು ಯಾವತ್ತೂ ಇಷ್ಟು ಚೆಂದ ಕಂಡಿರಲಿಲ್ಲ.

“ನೋಡಿದ್ಯಾ?” ಎಂದು ಕೋದಂಡರಾಮಪ್ಪ ಮೆಲ್ಲಗೆ ಮೊಣಕೈಯಿಂದ ತಿವಿದ. ಅವಳು ಸಾಬರ ಕಡೆ ನೋಡಿದಳು. ಸಾಬರು ಅವತ್ತು ಮೊದಲ ಬನ್ನನ್ನು ಕಿವಿಯ ಹತ್ತಿರ ಹಿಡಿಯಲಿಲ್ಲ. ಸುಮ್ಮನೆ ಹಲಗೆ ತೆಗೆದು ಒಳಗೆ ಹೋದರು.

ಚನ್ನರಾಯಪ್ಪ ಬಂದ. ಬನ್ನು ಸೀಳಿದ, ಪುಡಿ ತುಂಬಿದ, ಒತ್ತಿದ, ಬಾಯಿಗೆ ತಂದ. ಪುಡಿಯೆಲ್ಲ ಜರ್ರೆಂದು ಲುಂಗಿಯ ಮೇಲೆ ಸುರಿಯಿತು. ಭಾರತಮ್ಮ ಮುಂದಕ್ಕೆ ಬಾಗಿದಳು.

“ಥೂ!” ಎಂದ ಚನ್ನರಾಯಪ್ಪ. “ನಮ್ಮನೆಯೋಳು ಈ ಸಲ ಪುಡೀನ ಬೂದಿ ಮಾಡಿದಂಗೆ ಹುರ್ದವ್ಳೆ. ಒಂಚೂರೂ ಜಿಡ್ಡಿಲ್ಲ. ಮನೆಗೋಗಿ ಮಾತಾಡ್ತೀನಿ ತಾಳು.”

ಲುಂಗಿ ಕೊಡವಿಕೊಂಡು, ಟೀಯನ್ನು ಗಟಗಟ ಕುಡಿದು ಲಾರಿಯ ಗಾಲಿಗೆ ಒರಗಿ ನಿಂತ. ಪಾಪ, ನಂಗಲಿಯಲ್ಲಿ ಯಾವ ತಪ್ಪೂ ಮಾಡದ ಹೆಂಗಸಿನ ಮೇಲೆ ಆರೋಪ ಬಿತ್ತು.

ಮೇಷ್ಟ್ರು ಬಂದರು. ಪೇಪರ್ ಬಿಡಿಸಿದರು, ಉಗುರು ಹಾಕಿದರು. ಪದರ ಏಳಲಿಲ್ಲ, ಒಣ ತರಗಿನ ಹಾಗೆ ಪುಡಿಪುಡಿಯಾಗಿ ಪೇಪರಿನ ಮೇಲೆ ಬಿತ್ತು. ಇನ್ನೊಂದು ಕಡೆಯಿಂದ ಹಾಕಿದರು, ಅಲ್ಲೂ ಅಷ್ಟೇ. ಕನ್ನಡಕ ತೆಗೆದು ತಮ್ಮ ಬೆರಳುಗಳನ್ನೇ ತಿರುಗಿಸಿ ನೋಡಿಕೊಂಡರು.

“ನಿನ್ನೆ ಉಗುರು ತೆಗೆದದ್ದು ತಪ್ಪಾಯ್ತು ನೋಡಿ” ಎಂದು ಯಾರಿಗೋ ಹೇಳುವಂತೆ ಹೇಳಿ, ಅರ್ಧ ಬನ್ನನ್ನು ಪೇಪರಿನಲ್ಲಿ ಮಡಿಸಿಟ್ಟುಕೊಂಡರು.

“ಮನೆಗೂ ತಗೊಂಡ್ ಹೋಗ್ತಾವ್ರೆ” ಎಂದು ಕೋದಂಡರಾಮಪ್ಪ ಪಿಸುಗುಟ್ಟಿದ.

ಭಾರತಮ್ಮನಿಗೆ ಅಳು ಬರುವಂತಾಯಿತು. ಇವರ ಒಳ್ಳೆಯತನಕ್ಕೆ ಏನು ಹೇಳುವುದು? ಹಬೀಬುಲ್ಲಾ ಸಾಬರ ಕೈ ತಪ್ಪುತ್ತದೆ ಎಂದು ಇವರು ಕನಸಿನಲ್ಲೂ ನೆನೆಯುವವರಲ್ಲ. ಹೆಂಡತಿಯನ್ನು ಬೈದಾರು, ತಮ್ಮ ಉಗುರನ್ನು ಬೈದುಕೊಂಡಾರು, ಬನ್ನನ್ನು ಬೈಯಲಾರರು. ಆ ಮರ್ಯಾದೆಯೇ ಈಗ ಅವಳ ಕುತ್ತಿಗೆಗೆ ಬಂದಿತ್ತು. ಕೋದಂಡರಾಮಪ್ಪ ತಾನೂ ಒಂದು ಬನ್ನು ತೆಗೆದುಕೊಂಡು ನಿರಾಳವಾಗಿ ಅಗಿಯತೊಡಗಿದ. ಅಟ್ಟದ ಮೇಲೆ ಕಡಗೋಲಿಗೆ ಜೇಡ ಬಲೆ ಕಟ್ಟುವುದು ಅವಳಿಗೆ ಆಗಲೇ ಕಣ್ಣಿಗೆ ಕಟ್ಟಿತು.

ಉಳಿದವಳು ದೊಡ್ಡಮುನಿಯಮ್ಮ. ಬುಟ್ಟಿ ಇಳಿಸಿ, ಎಂದಿನಂತೆ ಇವಳನ್ನು ಪಕ್ಕಕ್ಕೆ ಒತ್ತರಿಸಿ ಕೂತಳು. ಲೋಟದ ಮೇಲೆ ಬನ್ನು ಮುಚ್ಚಿದಳು. ಕಾದಳು. ಎತ್ತಿ ಲೋಟಕ್ಕೆ ಮೂಗಿಟ್ಟಳು. ಉಸಿರೆಳೆದವಳು ಅರ್ಧಕ್ಕೇ ನಿಲ್ಲಿಸಿದಳು. ಬನ್ನಿನ ಒಂದು ತುಣುಕು ಬಾಯಿಗಿಟ್ಟು ವಸಡಿನಲ್ಲಿ ಒತ್ತಿದಳು, ನಾಲಿಗೆಯನ್ನು ಅಂಗುಳಕ್ಕೆ ಒಂದೆರಡು ಸಲ ಸವರಿದಳು. ಆಮೇಲೆ ಬನ್ನನ್ನು ಕೆಳಗಿಟ್ಟು, ಮಂಜುಗಣ್ಣನ್ನು ಕಿರಿದು ಮಾಡಿಕೊಂಡು, ಸಾಬರ ಕಡೆಗಲ್ಲ, ಭಾರತಮ್ಮನ ಕಡೆಗೆ ತಿರುಗಿದಳು. ಹೂ ಕಟ್ಟುವ ನಾರಿನ ವಾಸನೆಯ ಒರಟು ಕೈಯನ್ನು ಇವಳ ಹಣೆಯ ಮೇಲಿಟ್ಟಳು.

“ಯಾಕ್ ತಾಯಿ,” ಎಂದಳು, “ಮೈಗೆ ಹುಷಾರಿಲ್ವಾ?”

ಭಾರತಮ್ಮ ಬೆಚ್ಚಿ ಮುದುಕಿಯ ಮುಖ ನೋಡಿದಳು.

“ನಿನ್ ಬೆಣ್ಣೆ ಬಿದ್ದಿಲ್ಲ ಇದ್ರಾಗೆ. ಟೀ ಬರೀ ಟೀ ಆಗೈತೆ. ದಿನಾ ಮೂಗಿಟ್ರೆ ನಿಮ್ಮಟ್ಟಿ ವಾಸ್ನೆ ಬರ್ತಿತ್ತು, ಹೆಂಗಸು ಬೆಳಿಗ್ಗೆದ್ದು ಒಲೆ ಹಚ್ಚವ್ಳೆ ಅನ್ಸೋದು. ಇವತ್ತು ಮನೆ ಬಾಗ್ಲು ಹಾಕ್ಕಂಡಂಗೈತೆ. ಏನಾಯ್ತವ್ವಾ ನಿಂಗೆ?”

ಬೆಣ್ಣೆಯ ಗಡಿಗೆ ಇವಳ ಕಾಲ ಬಳಿಯೇ ಇತ್ತು. ಮುದುಕಿಗೆ ಅದು ಕಂಡೂ ಇರಲಿಲ್ಲ. ಇಷ್ಟು ವರ್ಷ ತನ್ನನ್ನು ಸರಕೋ ಎಂದದ್ದು ಬಿಟ್ಟರೆ ತಿರುಗಿಯೂ ನೋಡದವಳು, ದಿನಾ ಬೆಳಿಗ್ಗೆ ತನ್ನ ಮನೆಗೆ ಬಂದು ಹೋಗುತ್ತಿದ್ದಳೆ? ಭಾರತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು. ತಡೆಯಲು ನೋಡಿದಳು, ಆಗಲಿಲ್ಲ.

“ಅಯ್ಯೋ, ಹೌದಲ್ರೀ!” ಎಂದು ಮೇಷ್ಟ್ರು ಮಡಿಸಿಟ್ಟ ಪೇಪರನ್ನು ಬಿಚ್ಚಿದರು. “ನಾನು ಉಗುರು ಅಂದ್ಕೊಂಡೆ. ಪದರ ಹಿಡ್ಕೊಂಡೇ ಇಲ್ಲ ನೋಡಿ ಇದು.”

ಚನ್ನರಾಯಪ್ಪ ಲಾರಿಯ ಬಳಿಯಿಂದ ದಡದಡನೆ ಬಂದ. “ಅಬ್ಬಬ್ಬಾ, ಬದುಕ್ಕೊಂಡೆ ಕಣಜ್ಜಿ! ಮನೇಲಿ ಹೋಗಿ ಪುಡಿ ಬಗ್ಗೆ ಬಾಯಿ ಬಿಟ್ಟಿದ್ರೆ ಅವಳು ನನ್ನೇ ಹುರ್ದು ಪುಡಿ ಮಾಡ್ತಿದ್ಲು.” ಎಲ್ಲರೂ ನಕ್ಕರು. ಸಾಬರು ಬಾಗಿಲಲ್ಲಿ ನಿಂತು ಕೈಮುಗಿದು, ಇವತ್ತಿನ ತಪ್ಪು ತಮ್ಮದು, ಕ್ಷಮಿಸಬೇಕು ಎಂದರು. ಅವರ ದನಿ ಮಾತ್ರ ತಪ್ಪು ಮಾಡಿದವರದಾಗಿರಲಿಲ್ಲ, ಗೆದ್ದವರದಾಗಿತ್ತು.

ಕೋದಂಡರಾಮಪ್ಪ ಅಗಿಯುವುದನ್ನು ನಿಲ್ಲಿಸಿದ್ದ. ತಾನೂ ನಾಲಿಗೆಯನ್ನು ಅಂಗುಳಕ್ಕೆ ಸವರಿ ನೋಡಿದ. ಮೇಣದ ಹಾಗೆ ಏನೋ ಅಂಟಿಕೊಂಡಿತ್ತು. ದಿನಾ ಬೆಳಿಗ್ಗೆ ಹೆಂಡತಿ ರಾಗಿ ರೊಟ್ಟಿಯ ಮೇಲೆ ಇಡುವ ಬೆಣ್ಣೆ ಗಂಟಲಲ್ಲಿ ಇಳಿದದ್ದೇ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದೆ ಇಳಿಯುತ್ತಿದ್ದದ್ದೇ ಅದರ ಗುಣ ಎಂದು ಅವನಿಗೆ ಈಗ ಹೊಳೆಯಿತು. ಕೈಯಲ್ಲಿದ್ದ ತುಂಡನ್ನು ಬೀದಿನಾಯಿಗೆ ಹಾಕಿದ. ಬಗ್ಗಿ, ಹೆಂಡತಿಯ ಕಾಲ ಬಳಿಯಿದ್ದ ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

“ಅವಳು ಹುಷಾರಾಗವ್ಳೆ ಕಣಜ್ಜಿ” ಎಂದ. “ಹುಷಾರಿಲ್ದೇ ಇದ್ದಿದ್ದು ನಂಗೆ. ತಗೊಳ್ಳಿ ಸಾಬ್ರೇ, ನಾಳೆ ಇದನ್ನ ಹಾಕಿ.”

ಮತ್ತೆ ಕಡೆಯುವ ದಿನ ಭಾರತಮ್ಮ ಎದ್ದು ಬರುವಷ್ಟರಲ್ಲಿ ಕೋದಂಡರಾಮಪ್ಪ ಬಾವಿಯಿಂದ ನೀರು ಸೇದಿ ತಂದಿಟ್ಟು, ಕಡಗೋಲಿನ ಹಗ್ಗ ಹಿಡಿದು ಕೂತಿದ್ದ. ನಿನ್ನ ರಟ್ಟೆಗೆ ರಜ ಎಂದ. ಒಂದು ಹದವಿಲ್ಲ, ಒಂದು ಲಯವಿಲ್ಲ, ಮೊಸರೆಲ್ಲ ಅವನ ಎದೆಗೇ ಹಾರಿತು. ಅವಳು ಬೈದು ಹದ ಹೇಳಿಕೊಟ್ಟಳು. ಬೆಳಕು ಹರಿಯುವ ಹೊತ್ತಿಗೆ ಬೆಣ್ಣೆ ತೇಲಿತು.

ಅವತ್ತು ಬೇಕರಿಯಲ್ಲಿ ಹಬೀಬುಲ್ಲಾ ಸಾಬರು ಮೊದಲ ಬನ್ನನ್ನು ಕಿವಿಯ ಹತ್ತಿರ ಹಿಡಿದು ಮುರಿದರು. ಚುರ್ ಅಂದಿತು. ಭಾರತಮ್ಮ ಕೇಳದೆಯೇ ಒಂದು ಬನ್ನು, ಒಂದು ಲೋಟ ಟೀ ಅವಳ ಮುಂದೆ ಬಂತು. ಬೇಡ ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಮೇಷ್ಟ್ರ ಹಾಗೆ ಬಿಚ್ಚಲೇ, ಚನ್ನರಾಯಪ್ಪನ ಹಾಗೆ ಒತ್ತಲೇ ಎಂದು ಯೋಚಿಸುವ ಗೋಜಿಗೇ ಹೋಗಲಿಲ್ಲ. ಬನ್ನನ್ನು ಲೋಟದ ಬಾಯಿಗೆ ಅಡ್ಡ ಇಟ್ಟು ಮುಚ್ಚಿ ಕಾದಳು. ಪಕ್ಕದಲ್ಲಿ ದೊಡ್ಡಮುನಿಯಮ್ಮನೂ ತನ್ನ ಲೋಟ ಮುಚ್ಚಿ ಕೂತಿದ್ದಳು.

ಆಮೇಲೆ ಭಾರತಮ್ಮ ಬನ್ನೆತ್ತಿ ಲೋಟಕ್ಕೆ ಮೂಗಿಟ್ಟಳು. ಒಲೆಯ ಬೆಚ್ಚನೆ, ಹೆಪ್ಪಿನ ಸಣ್ಣ ಹುಳಿ, ಕೆಂಪಿಯ ಮೈ ಒರೆಸಿದ ಹುಲ್ಲು, ತನ್ನದೇ ಸೆರಗು. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲೇ ಇದ್ದು ಅವಳಿಗೆ ಒಂದು ದಿನವೂ ಸಿಕ್ಕದಿದ್ದ ವಾಸನೆ, ಪರಸ್ಥಳದಲ್ಲಿ ಒಂದು ಟೀ ಲೋಟದೊಳಗೆ ಸಿಕ್ಕಿತು.

“ಅಜ್ಜೀ, ಎಷ್ಟು ಚೆನ್ನಾಗೈತೆ!” ಎಂದಳು.

“ಗೊತ್ತೈತೆ ಬಿಡು” ಎಂದಳು ದೊಡ್ಡಮುನಿಯಮ್ಮ. “ಆರೋಗ್ತದೆ, ತಿನ್ನು. ತಿಂದು ವಸಿ ಅತ್ಲಾಗೆ ಸರಕೋ.”